ಹುಲ್ಲಿನ ಬೇರು ಎಷ್ಟು ಆಳದವರೆಗೆ ನೆಲ ಹಿಡಿಯುತ್ತದೆ?

ಓದುಗರ ಪ್ರಶ್ನೆ: "ಸರ, ನಮ್ಮದು ಹುಮನಾಬಾದ ತಾಲ್ಲೂಕು. ಹಳ್ಳದ ದಂಡೀಗಿ ನಾಲ್ಕು ಎಕರೆ ಹುಲ್ಲಿನ ಬೀಡು ಅದ. ಮ್ಯಾಲಿನ ಒಂದೂವರಿ ಎಕರೆ ಕೆಂಪು ಮಡ್ಡಿ, ಕೆಳಗ ಇಳಿದಂಗ ಎರಿ. ಮೂರು ವರ್ಷದ ಹಿಂದ ಜೆಸಿಬಿ ಹಚ್ಚಿ ಇಳಿಜಾರಿನ್ಯಾಗ ಒಂದು ಒಡ್ಡು ಹಾಕಿಸಿದ್ವಿ, ಕೆಳಗ ಹತ್ತು ಫೂಟಿನ ಕೃಷಿ ಹೊಂಡ ತೋಡಿಸಿದ್ವಿ. ಎರಡು ವರ್ಷ ಏನೂ ಆಗಲಿಲ್ಲ. ಹೋದ ವರ್ಷ ಉತ್ತರಿ ಮಳಿಗೆ ಹೊಂಡದ ಮ್ಯಾಲಿನ ದಂಡಿ ಜರದು ಕೂತದ. ಹುಲ್ಲಿನ ಹಾಸು ಹರಿದಿಲ್ಲ, ಇದ್ದದ್ದು ಇದ್ದಂಗ ಕೆಳಗ ಬಂದದ. ಬ್ಯಾಸಿಗ್ಯಾಗ ಹಾರಿ ಇಳಿಯಂಗಿಲ್ಲ, ಮಳಿಗಾಲದಾಗ ಎಮ್ಮಿ ಕಾಲು ಮೊಣಕಾಲ ತನ ಹುಗೀತದ. ಬಾಜೂ ಹೊಲದವರು ಹುಲ್ಲಿನ ಬೇರೇ ನೆಲ ಸಡಿಲ ಮಾಡ್ತದ, ಕಿತ್ತು ರೋಲರ್ ಹೊಡಸು ಅಂತಾರ. ಸಸಿ ಮಾರೋರು ಲಾವಂಚ ಹಚ್ಚು, ಬೇರು ಹತ್ತು ಫೂಟು ಹೋಗಿ ಕಬ್ಬಿಣದ ಸರಳಿನಂಗ ಹಿಡೀತದ ಅಂತಾರ. ನಮ್ಮ ಮಾವನವರು ಸುಟ್ಟು ಗಿಡ ಹಚ್ಚು ಅಂತಾರ. ಎರಡು ಎಮ್ಮಿ, ಒಂದು ಜೋಡಿ ಎತ್ತು, ಹದಿನೈದು ಆಡು ಇದರ ಮ್ಯಾಲೇ ಅವ. ಯಾರ ಮಾತು ಕೇಳಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲು ಬಹಳ ಮುಖ್ಯವಾದದ್ದು: "ಹುಲ್ಲಿನ ಹಾಸು ಹರಿದಿಲ್ಲ, ಇದ್ದದ್ದು ಇದ್ದಂಗ ಕೆಳಗ ಬಂದದ." ಬೇರು ಸೋತಿದ್ದರೆ ಹಾಸು ಚೂರುಚೂರಾಗುತ್ತಿತ್ತು, ಮೇಲ್ಮಣ್ಣು ಕೊರಕಲು ಬಿದ್ದು ಹಳ್ಳ ಸೇರುತ್ತಿತ್ತು. ನಿಮ್ಮಲ್ಲಿ ಹಾಗಾಗಿಲ್ಲ. ಬೇರು ತಾನು ಇರುವಷ್ಟು ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಜಾರಿರುವುದು ಅದರ ಕೆಳಗಿನ, ಬೇರು ತಲುಪದ ಪದರ. ಹಾಗಾಗಿ ಹುಲ್ಲು ಕಿತ್ತರೆ ಈಗ ಗಟ್ಟಿ ಇರುವ ಪದರವನ್ನೂ ಕಳೆದುಕೊಳ್ಳುತ್ತೀರಿ. ಲಾವಂಚವನ್ನಷ್ಟೇ ಹಚ್ಚಿ ಸುಮ್ಮನಾದರೆ ಕೆಳಗಿನ ಜಾರಿಕೆ ನಿಲ್ಲುವುದೂ ಇಲ್ಲ.

ನಿಮ್ಮ ಚಿಂತೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬೇರು ನೆಲವನ್ನು ಸಡಿಲ ಮಾಡುತ್ತದೆಯೇ, ಬಿಗಿ ಮಾಡುತ್ತದೆಯೇ ಎಂಬುದು ಒಂದು. ಬೇಸಿಗೆಯಲ್ಲಿ ಕಲ್ಲಿನಂತಿರುವ ನೆಲ ಮಳೆಗೆ ಬೆಣ್ಣೆಯಂತಾಗುವುದು ಯಾಕೆ ಎಂಬುದು ಇನ್ನೊಂದು.

ಬೇರಿನ ಲೆಕ್ಕ

ಇಳಿಜಾರಿನ ಮಣ್ಣು ಜಾರದೆ ನಿಲ್ಲುವುದಕ್ಕೆ ನಾಲ್ಕು ಬಲಗಳಿವೆ. ಕಣ–ಕಣದ ನಡುವಿನ ತಿಕ್ಕಾಟ, ಜೇಡಿಯ ಅಂಟು, ಅರೆಹಸಿ ಮಣ್ಣಿನಲ್ಲಿ ನೀರು ಕಣಗಳನ್ನು ಒಳಕ್ಕೆ ಎಳೆದು ಹಿಡಿಯುವ ಸೆಳೆತ, ಮತ್ತು ಬೇರು. ಮಣ್ಣು ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಎಳೆತವನ್ನು ತಡೆಯಲಾರದು. ಬೇರಿನ ಬಲ ಇರುವುದೇ ಎಳೆತದಲ್ಲಿ. ಮಣ್ಣು ಜಾರಲು ಶುರುವಾದಾಗ ಅಡ್ಡ ಇರುವ ಬೇರುಗಳು ಹಿಗ್ಗುತ್ತವೆ, ಆ ಭಾರವನ್ನು ತಮ್ಮ ಮೇಲೆ ತೆಗೆದುಕೊಂಡು ಹಿಂದಿನ ಗಟ್ಟಿ ಮಣ್ಣಿಗೆ ದಾಟಿಸುತ್ತವೆ. ಬೇರಿಲ್ಲದ ಮಣ್ಣು ಸ್ವಲ್ಪ ಸರಿದರೆ ಸಾಕು, ಒಮ್ಮೆಲೇ ಒಡೆಯುತ್ತದೆ. ಬೇರಿರುವ ಮಣ್ಣು ನಿಧಾನವಾಗಿ ಬಾಗುತ್ತದೆ, ಬಿರುಕು ತೋರಿಸಿ ಎಚ್ಚರಿಸುತ್ತದೆ.

ಇಲ್ಲಿ ಸಣ್ಣ ಬೇರೇ ದೊಡ್ಡದು. ಒಂದೇ ಗಿಡದಲ್ಲಿ ನೋಡಿದರೂ ಬೇರು ತೆಳುವಾದಷ್ಟು ಅದರ ಪ್ರತಿ ಚದರ ಮಿಲಿಮೀಟರಿನ ಎಳೆತದ ಬಲ ಹೆಚ್ಚು. 10 ಮಿ.ಮೀ. ದಪ್ಪದ ಒಂದು ಬೇರಿನ ಅಡ್ಡಕೊಯ್ತ 1 ಮಿ.ಮೀ.ನ 100 ಬೇರುಗಳಿಗೆ ಸಮ. ಆದರೆ ಆ ನೂರು ಬೇರುಗಳು ಮಣ್ಣನ್ನು ಮುಟ್ಟುವ ಮೈ ಹತ್ತು ಪಟ್ಟು. ಮರದ ಒಂದು ದಪ್ಪ ಬೇರಿಗಿಂತ ಹುಲ್ಲಿನ ಜಡೆಬೇರು ಮೇಲ್ಮಣ್ಣನ್ನು ಬಿಗಿಯಾಗಿ ಹಿಡಿಯುವುದು ಇದರಿಂದ.

ಬೇರಿನ ಬಲದ ಮೇಲೆ ಕೆಲಸ ಮಾಡಿದ ಸಂಶೋಧಕರಾದ ವಾಲ್ಡ್ರನ್ (1977) ಮತ್ತು ವು (1979) ಕೊಟ್ಟ ಸರಳ ಲೆಕ್ಕ ಹೀಗಿದೆ: ಬೇರಿನ ಎಳೆತದ ಬಲವನ್ನು, ಮಣ್ಣಿನ ಅಡ್ಡಕೊಯ್ತದಲ್ಲಿ ಬೇರು ಎಷ್ಟು ಪಾಲು ಇದೆಯೋ ಅದರಿಂದ ಗುಣಿಸಿ, ಮತ್ತೆ 1.2ರಿಂದ ಗುಣಿಸಬೇಕು. 10 ಸೆಂ.ಮೀ. ಉದ್ದ–ಅಗಲದ ಚೌಕದಲ್ಲಿ ಅರ್ಧ ಮಿ.ಮೀ. ದಪ್ಪದ 50 ಬೇರು ಕಂಡರೆ ಬೇರಿನ ಪಾಲು ಸುಮಾರು 0.1%. ಹುಲ್ಲುಬೇರಿನ ಬಲ 25 ಮೆಗಾಪಾಸ್ಕಲ್, ಅಂದರೆ 25,000 ಕಿಲೋಪಾಸ್ಕಲ್, ಎಂದು ಹಿಡಿದರೆ ಮಣ್ಣಿಗೆ ಸೇರುವ ಬಲ 30 ಕಿಲೋಪಾಸ್ಕಲ್. ಒಂದು ಕಿಲೋಪಾಸ್ಕಲ್ ಅಂದರೆ ಒಂದು ಚದರ ಮೀಟರಿಗೆ ಸುಮಾರು 100 ಕಿಲೋ ಭಾರ ಎಂದು ಇಟ್ಟುಕೊಳ್ಳಿ. ಈ ಲೆಕ್ಕ ಸ್ವಲ್ಪ ಉದಾರಿ. ಎಲ್ಲ ಬೇರುಗಳೂ ಒಂದೇ ಕ್ಷಣಕ್ಕೆ ಹರಿಯುವುದಿಲ್ಲ, ಒಂದು ಹರಿದ ಮೇಲೆ ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ, ಕೆಲವು ಹರಿಯದೆ ಕಿತ್ತುಕೊಂಡೇ ಬರುತ್ತವೆ. ಹೊಲದ ಮಟ್ಟಿಗೆ ಅರ್ಧ ಅಥವಾ ಅದಕ್ಕೂ ಕಡಿಮೆ, ಅಂದರೆ 10ರಿಂದ 15 ಕಿಲೋಪಾಸ್ಕಲ್ ಎಂದು ನಂಬುವುದು ಕ್ಷೇಮ.

ಇದನ್ನು ಜಾರಿಸುವ ಭಾರದ ಜೊತೆ ತೂಗಿ ನೋಡಿ. ಒಂದಕ್ಕೊಂದು ಇಳಿಜಾರಿನಲ್ಲಿ, ಅಂದರೆ 45 ಡಿಗ್ರಿಯಲ್ಲಿ, ಒಂದು ಅಡಿ ಆಳದಲ್ಲಿ ಮಣ್ಣನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 3 ಕಿಲೋಪಾಸ್ಕಲ್. ಅಲ್ಲಿ ಬೇರೊಂದೇ ಅದರ ಮೂರು–ನಾಲ್ಕು ಪಟ್ಟು ಹಿಡಿಯುತ್ತದೆ. ಐದು ಅಡಿ ಆಳಕ್ಕೆ ಹೋದರೆ ಎಳೆಯುವ ಬಲ ಸುಮಾರು 14 ಕಿಲೋಪಾಸ್ಕಲ್‌ಗೆ ಏರುತ್ತದೆ. ಅಲ್ಲಿ ಬೇರು ಎಷ್ಟಿದೆ? ನಮ್ಮ ಕಡೆಯ ಹುಲ್ಲಿನ ಬೇರಿನಲ್ಲಿ ಬಹುಪಾಲು ಮೇಲಿನ 30 ಸೆಂ.ಮೀ.ನಲ್ಲೇ ಮುಗಿಯುತ್ತದೆ. ಎರಡು ಅಡಿಯ ಹೊತ್ತಿಗೆ ಹತ್ತನೇ ಒಂದು ಪಾಲು ಉಳಿದರೆ ಹೆಚ್ಚು. ಐದು ಅಡಿಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ನಿಮ್ಮ ದಂಡೆ ಹಾಸಿನ ಸಮೇತ ಕೆಳಗೆ ಬಂದದ್ದು ಹೀಗೆ.

ಹಾಗಾದರೆ "ಬೇರು ನೆಲ ಸಡಿಲ ಮಾಡ್ತದ" ಎಂಬ ಮಾತು ಪೂರ್ತಿ ಸುಳ್ಳೇ? ಅಲ್ಲ. ಬದುಕಿರುವ ಬೇರು ಮಣ್ಣಿನಲ್ಲಿ ಸಂದು ಮಾಡುತ್ತದೆ, ನೀರು ಇಂಗಿಸುತ್ತದೆ. ಹಾರೆಗೆ ಆ ಮಣ್ಣು ಮೆತ್ತಗೆ ಸಿಗುತ್ತದೆ. ಆದರೆ ಹಾರೆ ಇಳಿಯುವುದು ಬೇರೆ, ಮಣ್ಣು ಜಾರುವುದು ಬೇರೆ. ಬೇರಿನ ಅಂಟುರಸ ಮತ್ತು ಬೇರಿಗೆ ಹಬ್ಬುವ ಶಿಲೀಂಧ್ರದ ಎಳೆಗಳು ಕಣಗಳನ್ನು ಕಟ್ಟಿ ಹರಳು ಮಾಡುತ್ತವೆ. ಮೆತ್ತಗಿದ್ದರೂ ಆ ಮಣ್ಣು ನೀರಿಗೆ ಕರಗುವುದಿಲ್ಲ. ತೊಂದರೆ ಕೊಡುವುದು ಸತ್ತ ಬೇರು. ಹುಲ್ಲು ಕಿತ್ತ ಅಥವಾ ಹೂಳಿದ ಮೇಲೆ ಒಂದೆರಡು ಮಳೆಗಾಲದಲ್ಲಿ ಸಣ್ಣ ಬೇರುಗಳು ಕೊಳೆತು ಬಲ ಕಳೆದುಕೊಳ್ಳುತ್ತವೆ, ಅವಿದ್ದ ಜಾಗ ನೀರಿನ ನಳಿಗೆಯಾಗುತ್ತದೆ. ಹೊಸ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಜೆಸಿಬಿ ಕೆಲಸವಾದ ಕೂಡಲೇ ನಿಂತ ದಂಡೆ ಎರಡು–ಮೂರು ವರ್ಷದ ಮೇಲೆ ಕೂರುವುದನ್ನು ನಮ್ಮ ಭಾಗದಲ್ಲಿ ಬಹಳ ಕಡೆ ಕಾಣಬಹುದು. ಜೆಸಿಬಿಯವರು ಹುಲ್ಲಿನ ಹೆಂಟೆಗಳನ್ನೇ ಒಡ್ಡಿನ ಹೊಟ್ಟೆಗೆ ತುಂಬುವುದು ಇನ್ನೊಂದು ಕಾರಣ. ಒಳಗೆ ಹುಲ್ಲು ಕೊಳೆತಲ್ಲಿ ಪೊಳ್ಳಾಗುತ್ತದೆ, ಆ ಪೊಳ್ಳಿನಿಂದ ನೀರು ದಾರಿ ಮಾಡಿಕೊಳ್ಳುತ್ತದೆ. ನಿಮ್ಮ ಒಡ್ಡಿನ ಮೇಲೆ ಅಲ್ಲಲ್ಲಿ ಕುಸಿದ ಗುಣಿಗಳಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ.

ಎರೆಯ ಗುಣ, ಮಡ್ಡಿಯ ನೀರು

ಎರೆ ಮಣ್ಣಿನ ಬೇಸಿಗೆಯ ಗಟ್ಟಿತನವನ್ನು ನೆಚ್ಚಿಕೊಳ್ಳಬೇಡಿ. ಅದು ಒಣ ಜೇಡಿಯೊಳಗಿನ ನೀರಿನ ಸೆಳೆತದಿಂದ ಬಂದ ಬಲ. ಮಳೆ ಬಿದ್ದು ಸಂದುಗಳೆಲ್ಲ ನೀರು ತುಂಬಿದ ಗಳಿಗೆಗೆ ಆ ಸೆಳೆತ ಸೊನ್ನೆಯಾಗುತ್ತದೆ. ಆಗ ಉಳಿಯುವುದು 5ರಿಂದ 10 ಕಿಲೋಪಾಸ್ಕಲ್ ಅಂಟು ಮತ್ತು ಅಲ್ಪ ತಿಕ್ಕಾಟ. ಒಮ್ಮೆ ಜಾರಿದ ಎರೆಯಲ್ಲಿ ತಿಕ್ಕಾಟದ ಕೋನ (ತಿಕ್ಕಾಟವೊಂದೇ ಮಣ್ಣನ್ನು ಎಷ್ಟು ಇಳಿಜಾರಿನವರೆಗೆ ನಿಲ್ಲಿಸಬಲ್ಲದೋ ಆ ಅಳತೆ) 10 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಅದು 30 ಡಿಗ್ರಿಗೂ ಮೇಲೆ. ಒಂದೇ ಹೊಲದಲ್ಲಿ ಮಡ್ಡಿಯ ದಂಡೆ ನಿಂತು ಎರೆಯ ದಂಡೆ ಕೂರುವುದಕ್ಕೆ ಇದೇ ಕಾರಣ. ಎರೆಯನ್ನು ಅಗೆದಾಗ ಮೂರು–ನಾಲ್ಕು ಅಡಿಯಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ನುಣುಪು ಮೈ ಸಿಗುತ್ತದೆ, ನೀವೂ ನೋಡಿರುತ್ತೀರಿ. ಅದು ಮಣ್ಣು ಹಿಗ್ಗಿ ಕುಗ್ಗಿ ತನ್ನ ಮೇಲೆ ತಾನೇ ಉಜ್ಜಿಕೊಂಡ ಗುರುತು. ಜಾರಿಕೆ ಅಂಥ ಮೈಯನ್ನೇ ಹುಡುಕಿಕೊಂಡು ಹೋಗುತ್ತದೆ.

ಬಿರುಕಿನ ಪಾತ್ರವೂ ದೊಡ್ಡದು. ಬೇಸಿಗೆಯಲ್ಲಿ ಎರೆ ಬಿರಿದಾಗ ಅಡ್ಡ ಬಂದ ಸಣ್ಣ ಬೇರುಗಳು ಹರಿಯುತ್ತವೆ. ಮಿರಗದ ಮೊದಲ ದೊಡ್ಡ ಮಳೆಯ ನೀರು ಮೇಲಿನಿಂದ ಮೆಲ್ಲಗೆ ಇಂಗುವುದಿಲ್ಲ, ಬಿರುಕಿನಲ್ಲಿ ನೇರವಾಗಿ ಮೂರು ಅಡಿ ಕೆಳಗೆ ಬೀಳುತ್ತದೆ. ಹುಲ್ಲಿಗೂ ಇದರಲ್ಲಿ ಎರಡು ಮುಖ ಇವೆ. ಅದು ನೀರು ಹೀರಿ ಮಣ್ಣನ್ನು ಒಣಗಿಸಿ ಬಿಗಿ ಮಾಡುತ್ತದೆ. ಅದೇ ಒಣಗಿಸುವಿಕೆ ಬಿರುಕನ್ನೂ ಹೆಚ್ಚಿಸುತ್ತದೆ. ಒಣ ಹುಲ್ಲಿನ ಹೊದಿಕೆ ನೆಲದ ಮೇಲೆ ಉಳಿದರೆ ಈ ಎರಡನೆಯ ಕೆಡುಕು ಬಹಳ ಕಡಿಮೆಯಾಗುತ್ತದೆ.

ಆದರೆ ನಿಮ್ಮ ಜಾಗದ ನಿಜವಾದ ಕೀಲಿ ಮಡ್ಡಿ ಮುಗಿದು ಎರೆ ಶುರುವಾಗುವ ಗೆರೆಯಲ್ಲಿದೆ ಎಂಬುದು ನನ್ನ ಬಲವಾದ ಅನಿಸಿಕೆ. ಬೀದರ್ ಸೀಮೆಯ ಜಂಬಿಟ್ಟಿಗೆ ಕಲ್ಲು ತೂತುತೂತು, ಮಳೆಯ ನೀರನ್ನು ಸ್ಪಂಜಿನಂತೆ ಕುಡಿಯುತ್ತದೆ. ಕೆಳಗೆ ಜೇಡಿ ಅಥವಾ ಕರಿಕಲ್ಲು ಸಿಕ್ಕ ಕೂಡಲೇ ನೀರಿಗೆ ಇಳಿಯಲು ದಾರಿಯಿಲ್ಲ, ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಜಿನುಗುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗಬಾವಿ ಕಟ್ಟಿದವರು ಇದೇ ಗುಣವನ್ನು ಬಳಸಿ 15ನೇ ಶತಮಾನದಲ್ಲೇ ನೀರು ತಂದರು. ಅವರಿಗೆ ವರವಾದ ಆ ಜಿನುಗು ನಿಮ್ಮ ಹೊಂಡದ ದಂಡೆಗೆ ಹೊರೆಯಾಗಿದೆ. ಮಡ್ಡಿ ಕುಡಿದ ನೀರು ಕೂಡಲೇ ಹೊರಬರುವುದಿಲ್ಲ, ವಾರಗಳು ಬೇಕು. ದಂಡೆ ಮಿರಗಕ್ಕೆ ಬೀಳದೆ ಉತ್ತರೆಗೆ ಬಿದ್ದದ್ದು ಇದಕ್ಕೆ ಸರಿಹೊಂದುತ್ತದೆ.

ಪರೀಕ್ಷಿಸುವುದು ಸುಲಭ. ಮಳೆ ನಿಂತು ನಾಲ್ಕೈದು ದಿನದ ಮೇಲೆ ಇಳಿಜಾರಿನಲ್ಲಿ ಅಡ್ಡ ನಡೆಯಿರಿ. ಉಳಿದ ಹುಲ್ಲು ಬಾಡುವ ಹೊತ್ತಿಗೂ ಒಂದು ಪಟ್ಟಿ ಹಸಿರಾಗಿದ್ದರೆ, ಅಲ್ಲಿ ಜೇಕು ಬೆಳೆದಿದ್ದರೆ, ಕಾಲಿಟ್ಟರೆ ಪಚಪಚ ಎಂದರೆ, ಅದೇ ಜಿನುಗಿನ ಗೆರೆ. ಅಲ್ಲಿ ಗೂಟ ಹೊಡೆದು ಗುರುತು ಮಾಡಿಡಿ.

ಕೆಲಸಕ್ಕೆ ಮೊದಲು ಇನ್ನೆರಡು ಪರೀಕ್ಷೆ. ಎರೆ ಭಾಗದಿಂದ ಒಂದು ಅಡಿ ಆಳದ ಮಣ್ಣು ತಂದು ನೆರಳಲ್ಲಿ ಒಣಗಿಸಿ, ಬಟಾಣಿ ಗಾತ್ರದ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಮೆಲ್ಲಗೆ ಬಿಡಿ. ಬೋರಿನ ನೀರು ಬೇಡ, ಅದರ ಉಪ್ಪು ಫಲಿತಾಂಶ ಕೆಡಿಸುತ್ತದೆ. ಅಲುಗಿಸದೆ 10 ನಿಮಿಷದ ಮೇಲೆ ಒಮ್ಮೆ, 2 ಗಂಟೆಯ ಮೇಲೆ ಮತ್ತೊಮ್ಮೆ ನೋಡಿ. ಹೆಂಟೆ ಇದ್ದಂತೆಯೇ ಇದ್ದರೆ ಒಳ್ಳೆಯದು. ಕುಸಿದು ರಾಶಿಯಾಗಿ, ನೀರು ತಿಳಿಯಾಗೇ ಇದ್ದರೆ ಸೇಂದ್ರಿಯ ಅಂಶ ಕಡಿಮೆ, ಹುಲ್ಲು ಬೆಳೆದರೆ ಸರಿಹೋಗುತ್ತದೆ. ಹೆಂಟೆಯ ಸುತ್ತ ಹಾಲಿನಂಥ ಮೋಡ ಹರಡಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ. ಅಂಥ ಕ್ಷಾರ ಮಣ್ಣಿನಲ್ಲಿ ಬೇರೂ ಇಳಿಯದು, ಮಣ್ಣೂ ನೀರಿನಲ್ಲಿ ತೇಲಿ ಹೋಗುತ್ತದೆ. ಆಗ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣದ ಜಿಪ್ಸಂ ಬೆರೆಸಿದ ನಂತರವೇ ಹುಲ್ಲು ಹಚ್ಚಿ. ಎರಡನೆಯದು ಬೇರಿನ ಎಣಿಕೆ. ಎರಡು ಅಡಿ ಗುಂಡಿ ತೆಗೆದು, ಗೋಡೆಯನ್ನು ಚಾಕುವಿನಿಂದ ನಯಮಾಡಿ, 10, 30, 50 ಸೆಂ.ಮೀ. ಆಳದಲ್ಲಿ 10 ಸೆಂ.ಮೀ.ನ ಚೌಕ ಗೀರಿ ಬೇರು ಎಣಿಸಿ. ಒಂದು ಗೇಣಿನ ಕೆಳಗೆ ಬೇರುಗಳು ಇದ್ದಕ್ಕಿದ್ದಂತೆ ಅಡ್ಡ ತಿರುಗಿದ್ದರೆ ಅಲ್ಲಿ ದನದ ತುಳಿತದಿಂದ ಕಟ್ಟಿದ ಗಟ್ಟಿ ಪದರ ಇದೆ ಎಂದರ್ಥ.

ನಿಮಗೆ ಬಂದ ಸಲಹೆಗಳ ಬಗ್ಗೆ

ರೋಲರ್ ಬೇಡವೇ ಬೇಡ. ಒಣ ಎರೆಯ ಮೇಲೆ ಹೊಡೆದರೆ ಏನೂ ಆಗುವುದಿಲ್ಲ, ಹಸಿ ಎರೆಯ ಮೇಲೆ ಹೊಡೆದರೆ ಮಣ್ಣು ಕಲಸಿ ಕೆಡುತ್ತದೆ. ಹದದಲ್ಲಿ ಹೊಡೆದರೂ ಒಂದೆರಡು ವರ್ಷದಲ್ಲಿ ಮಣ್ಣು ಹಿಗ್ಗಿ ಕುಗ್ಗಿ ಆ ಒತ್ತಿಕೆಯನ್ನು ಅಳಿಸುತ್ತದೆ. ಅಷ್ಟರಲ್ಲಿ ಬೇರಿಗೆ ಇಳಿಯಲು ಜಾಗವಿಲ್ಲದಂತಾಗಿರುತ್ತದೆ. ಜೇಡಿ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ ದಾಟಿದರೆ ಬೇರು ತಿಣುಕುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಮಾತ್ರ 1.7ರವರೆಗೂ ತಾಳಿಕೊಳ್ಳುತ್ತದೆ.

ಸುಡುವುದೂ ಬೇಡ. ಹುಲ್ಲಿನ ಬೆಂಕಿ ಬೇಗ ದಾಟುವುದರಿಂದ ಬುಡ ಸಾಯುವುದಿಲ್ಲ, ನಿಜ. ಆದರೆ ಮಿರಗದ ಬಿರುಸು ಹನಿಗಳಿಗೆ ನೆಲ ಬೆತ್ತಲೆ ಸಿಗುತ್ತದೆ, ಬಿರುಕೂ ಬಾಯಿ ತೆರೆದಿರುತ್ತದೆ. ಗಿಡಗಳನ್ನು ಇಳಿಜಾರಿನ ಬುಡದಲ್ಲಿ, ಹಳ್ಳದ ಅಂಚಿಗೆ ಹಚ್ಚಿ. ಹೊಂಗೆ ಮತ್ತು ಬಿದಿರು ಅಲ್ಲಿಗೆ ಒಳ್ಳೆಯವು. ಒಡ್ಡಿನ ಮೇಲೆ, ಹೊಂಡದ ದಂಡೆಯ ಮೇಲೆ ಮರ ಬೇಡ. ನೆರಳಿಗೆ ಹುಲ್ಲು ಸಾಯುತ್ತದೆ, ಮುಂದೆ ಮರ ಕಡಿದಾಗ ದಪ್ಪ ಬೇರು ಕೊಳೆತು ಕೊಳವೆಯಾಗುತ್ತದೆ.

ಲಾವಂಚದ ಬಗ್ಗೆ ಹೇಳಿದ್ದರಲ್ಲಿ ಸತ್ಯ ಇದೆ, ಉತ್ಪ್ರೇಕ್ಷೆಯೂ ಇದೆ. ಅದರ ಸಣ್ಣ ಬೇರಿನ ಎಳೆತದ ಬಲ ಸರಾಸರಿ 75 ಮೆಗಾಪಾಸ್ಕಲ್, ಮೆದು ಉಕ್ಕಿನ ಸುಮಾರು ಆರನೇ ಒಂದು ಪಾಲು. ಹುಲ್ಲಿನ ಜಾತಿಗೆ ಇದು ಅಸಾಧಾರಣ. ಗುಂಡ್ಲುಪೇಟೆ ಕಡೆಯ ರೈತರು ಅದನ್ನು ಬದುಗಳಲ್ಲಿ ಬಹಳ ಹಿಂದಿನಿಂದ ಬೆಳೆಸುತ್ತ ಬಂದಿದ್ದಾರೆ. ಆದರೆ ಆರರಿಂದ ಹತ್ತು ಅಡಿ ಬೇರು ಇಳಿಯುವುದು ಸಡಿಲ, ಆಳ ಮಣ್ಣಿನಲ್ಲಿ. ಮಡ್ಡಿಯ ಗರಸಿನಲ್ಲಿ, ಒತ್ತಿದ ಎರೆಯಲ್ಲಿ ಅಷ್ಟು ಹೋಗುವುದಿಲ್ಲ. ಅದು ಬೇರು ಬಿಡುವುದಕ್ಕೂ ಕಾಲ ಬೇಕು, ಮೊದಲ ಮಳೆಗಾಲದಲ್ಲಿ ಅದರಿಂದ ದಂಡೆಗೆ ರಕ್ಷಣೆ ಸಿಗುತ್ತದೆಂದು ಭಾವಿಸಬೇಡಿ. ಹಚ್ಚುವುದಾದರೆ ಒಂಟಿ ಗುಂಪುಗಳಾಗಿ ಅಲ್ಲಿ ಇಲ್ಲಿ ಹಚ್ಚುವುದು ವ್ಯರ್ಥ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಒಂದೇ ಸಾಲಿನಲ್ಲಿ, 10ರಿಂದ 15 ಸೆಂ.ಮೀ.ಗೆ ಒಂದರಂತೆ, ಎರಡು–ಮೂರು ಕವಲಿನ ಬುಡಗಳನ್ನು, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ ನೆಡಿ. ಸಾಲಿನಿಂದ ಸಾಲಿಗೆ ಎತ್ತರದ ವ್ಯತ್ಯಾಸ ಒಂದು ಮೀಟರ್ ಇರಲಿ. ನೂರು ಅಡಿ ಸಾಲಿಗೆ 200ರಿಂದ 300 ಬುಡ ಬೇಕಾಗುತ್ತದೆ. ಸತ್ತ ಕಡೆ ಅದೇ ಮಳೆಗಾಲದಲ್ಲಿ ತುಂಬದಿದ್ದರೆ ನೀರೆಲ್ಲ ಆ ಸಂದಿಗೆ ನುಗ್ಗಿ ಕೊರಕಲು ಮಾಡುತ್ತದೆ. ಬೀಜದಿಂದ ಹಬ್ಬದ ದಕ್ಷಿಣ ಭಾರತದ ತಳಿಯನ್ನೇ ಕೇಳಿ ತನ್ನಿ.

ಏನು ಮಾಡಬಹುದು

ಖರ್ಚು ಕಡಿಮೆಯ ದಾರಿಯಿಂದ ಶುರು ಮಾಡೋಣ: ಬೇಲಿ ಹಾಕಿ ಮಳೆಗಾಲದಲ್ಲಿ ದನ ಬಿಡದೆ, ಹುಲ್ಲು ಕೊಯ್ದು ತಂದು ಹಾಕುವುದು. ಎಮ್ಮೆಯ ತೂಕವೆಲ್ಲ ನಾಲ್ಕು ಗೊರಸಿನ ಮೇಲೆ. ನಡೆಯುವಾಗ ಗೊರಸಿನಡಿಯ ಒತ್ತಡ 200 ಕಿಲೋಪಾಸ್ಕಲ್ ಮುಟ್ಟುತ್ತದೆ. ನೆನೆದ ಎರೆ ಅದನ್ನು ತಾಳಲಾರದು. ಹುಗಿದ ಪ್ರತಿ ಹೆಜ್ಜೆಯೂ ಹುಲ್ಲಿನ ಬುಡ ಹರಿಯುತ್ತದೆ, ನೀರು ನಿಲ್ಲುವ ಗುಳಿ ಮಾಡುತ್ತದೆ. ಯಾವಾಗ ಬಿಡಬಹುದು ಎಂಬುದಕ್ಕೆ ಕೈಯಳತೆ ಇದೆ: ನಾಲ್ಕು ಬೆರಳು ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. 3 ಮಿ.ಮೀ. ದಪ್ಪದ ಎಳೆಯಾಗಿ ಮುರಿಯದೆ ಬಂದರೆ ಇನ್ನೂ ಹಸಿ, ದನ ಬಿಡಬೇಡಿ. ಎಳೆಯಾಗುವ ಮೊದಲೇ ಪುಡಿಯಾದರೆ ಬಿಡಬಹುದು. ಕೊಯ್ಯುವಾಗಲೂ ನಾಲ್ಕು ಬೆರಳು ಬುಡ ಉಳಿಸಿ. ಎಲೆಯ ಅರ್ಧದಷ್ಟು ತೆಗೆದರೆ ಬೇರಿನ ಬೆಳವಣಿಗೆಗೆ ಹೆಚ್ಚು ಪೆಟ್ಟಿಲ್ಲ, ಐದರಲ್ಲಿ ನಾಲ್ಕು ಪಾಲು ತೆಗೆದರೆ ಬೇರು ಬೆಳೆಯುವುದೇ ಕೆಲವು ದಿನ ನಿಂತುಹೋಗುತ್ತದೆ. ಆಡುಗಳು ಬುಡದವರೆಗೆ ಮೇಯುತ್ತವೆ, ಇಳಿಜಾರಿನಿಂದ ಅವನ್ನು ಪೂರ್ತಿ ದೂರ ಇಡಿ. ಎರಡು ಮಳೆಗಾಲ ಹೀಗೆ ನಡೆಸಿದರೆ ಮೇಲಿನ ಒಂದು ಅಡಿ ಚೆನ್ನಾಗಿ ಬಿಗಿಯುತ್ತದೆ. ಆದರೆ ಇದೊಂದರಿಂದ ಜರಿದ ದಂಡೆ ನಿಲ್ಲುವುದಿಲ್ಲ.

ದಂಡೆಗೆ ಬೇಕಾದದ್ದು ಮೊದಲು ನೀರಿನ ದಾರಿ, ಆಮೇಲೆ ಇಳಿಜಾರಿನ ಕೋನ, ಕೊನೆಗೆ ಹುಲ್ಲು. ಈ ಕ್ರಮ ತಿರುವುಮುರುವಾದರೆ ಹಣ ಹಳ್ಳ ಸೇರುತ್ತದೆ.

ಜರಿದ ಜಾಗದ ಮೇಲ್ಗಡೆ, ಅಂಚಿನಿಂದ ಕನಿಷ್ಠ 20 ಅಡಿ ದೂರದಲ್ಲಿ ಎರಡು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೆಗೆಯಿರಿ. ಪ್ರತಿ 250 ಅಡಿಗೆ ಒಂದು ಅಡಿಯಷ್ಟು ಮಾತ್ರ ಇಳಿತ ಇರಲಿ, ಕಾಲುವೆಯ ಒಳಗೆ ಹುಲ್ಲಿನ ಹಾಸು ಜೋಡಿಸಿ, ಬಾಯಿ ಕಲ್ಲು ಹಾಸಿದ ಜಾಗಕ್ಕೆ ತೆರೆಯಲಿ. ಇದನ್ನು ನೀರು ಇಂಗಿಸುವ ಸಮಪಾತಳಿ ಕಂದಕದ ಜೊತೆ ಬೆರೆಸಬೇಡಿ. ಜಲಾನಯನ ಕೆಲಸದಲ್ಲಿ ಆ ಕಂದಕ ಒಳ್ಳೆಯದೇ, ಆದರೆ ಜಾರುವ ದಂಡೆಯ ತಲೆಯ ಮೇಲೆ ತೆಗೆದರೆ ಜಾರಿಕೆಗೆ ನೀವೇ ನೀರು ಕುಡಿಸಿದಂತೆ. ನಿಮ್ಮ ಒಡ್ಡು ಈಗ ಅದನ್ನೇ ಮಾಡುತ್ತಿದೆಯೇ ನೋಡಿ. ಹೊಂಡದ ಮೇಲ್ಗಡೆ ಅದರ ಹಿಂದೆ ನೀರು ನಿಲ್ಲುತ್ತಿದ್ದರೆ ಒಂದು ಬದಿಗೆ ಕಲ್ಲಿನ ಕೋಡಿ ಬಿಡಿ.

ಜಿನುಗಿನ ಗೆರೆಯಲ್ಲಿ ಎರಡು ಅಡಿ ಅಗಲ, ಮೂರರಿಂದ ನಾಲ್ಕು ಅಡಿ ಆಳದ ಕಂದಕ ತೆಗೆದು, ಸೋಸುಬಟ್ಟೆ (ಜಿಯೋಟೆಕ್ಸ್‌ಟೈಲ್) ಹಾಸಿ 20–40 ಮಿ.ಮೀ. ಖಡಿ ತುಂಬಿ, ಮೇಲೆ ಬಟ್ಟೆ ಮಡಚಿ ಒಂದು ಗೇಣು ಮಣ್ಣು ಮುಚ್ಚಿ. ತಳಕ್ಕೆ ಒಂದು ಬದಿಗೆ ಇಳಿತ ಕೊಟ್ಟು ನೀರನ್ನು ಹೊರಗೆ ಬಿಡಿ. ಅದನ್ನು ಹೊಂಡಕ್ಕೇ ತಿರುಗಿಸಿಕೊಳ್ಳಬಹುದು, ಆದರೆ ದಂಡೆಯ ಮೈಮೇಲೆ ಹರಿಯದಂತೆ ಪೈಪಿನಲ್ಲಿ ಇಳಿಸಿ. ಬಟ್ಟೆ ಇಲ್ಲದೆ ಖಡಿ ಹಾಕಿದರೆ ಎರಡು ವರ್ಷದಲ್ಲಿ ಜೇಡಿ ತುಂಬಿ ಕಂದಕ ಸಾಯುತ್ತದೆ. ಕೆಲಸ ಬೇಸಿಗೆಯಲ್ಲೇ ಆಗಬೇಕು, ಒಮ್ಮೆಗೆ 15–20 ಅಡಿಗಿಂತ ಹೆಚ್ಚು ತೆರೆಯಬಾರದು. ಇಡೀ ಉದ್ದ ಒಂದೇ ದಿನ ತೆರೆದು ಬಿಟ್ಟರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಕಂದಕದೊಳಗೆ ಆಳು ಇರುವಾಗ ಮೇಲೊಬ್ಬರು ಬಿರುಕು ನೋಡುತ್ತ ನಿಂತಿರಲೇಬೇಕು.

ಆಮೇಲೆ ಕೋನ. ಎರೆಯಲ್ಲಿ ಹೊಂಡದ ಬದಿ ಒಂದಕ್ಕೊಂದು ಇದ್ದರೆ ಇವತ್ತಲ್ಲ ನಾಳೆ ಕೂರುತ್ತದೆ. ಒಂದು ಅಡಿ ಎತ್ತರಕ್ಕೆ ಎರಡು ಅಡಿ ಓಟ ಕೊಡಿ. ಹತ್ತು ಅಡಿ ಆಳದ ಹೊಂಡಕ್ಕೆ ಆ ಬದಿಯಲ್ಲಿ ಇನ್ನೂ ಹತ್ತು ಅಡಿ ಜಾಗ ಬಿಡಬೇಕಾಗುತ್ತದೆ. ಜಾಗ ಹೋಗುತ್ತದೆ, ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಜರಿದು ಹೂಳು ತುಂಬಿದರೆ ಹೊಂಡವೇ ಹೋಗುತ್ತದೆ. ತೋಡಿದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಅಂಚಿನಿಂದ ಹತ್ತು ಅಡಿಯೊಳಗೆ ಏನೂ ಭಾರ ಇರಬಾರದು. ಜರಿದು ಕೂತ ಮಣ್ಣನ್ನು ಹಾಗೆಯೇ ಮೇಲಕ್ಕೆ ಎತ್ತಿ ಮೆತ್ತುವುದು ನಿಷ್ಪ್ರಯೋಜಕ, ಜಾರಿದ ಆ ನುಣುಪು ಮೈ ಒಳಗೆ ಹಾಗೇ ಇರುತ್ತದೆ. ಅದನ್ನು ಪೂರ್ತಿ ಕೆರೆದು, ಗಟ್ಟಿ ಮಣ್ಣಿಗೆ ಮೆಟ್ಟಿಲು ಕಡಿದು, ಮಡ್ಡಿಯ ಗರಸು ಬೆರೆಸಿದ ಮಣ್ಣನ್ನು ಆರಾರು ಇಂಚಿನ ಪದರವಾಗಿ ಹದದಲ್ಲಿ ಬಡಿದು ಏರಿಸಿ. ಹುಲ್ಲಿನ ಹಾಸನ್ನು ಮೊದಲೇ ನಾಲ್ಕಿಂಚು ದಪ್ಪಕ್ಕೆ ಕೊಯ್ದು ನೆರಳಲ್ಲಿ ನೀರು ಚಿಮುಕಿಸಿ ಇಟ್ಟಿದ್ದು, ಕೊನೆಗೆ ಮೇಲೆ ಹಾಸಿ ಗೂಟ ಹೊಡೆಯಿರಿ.

ಹೊಂಡದ ನೀರು ಬಳಸುವ ರೀತಿಯೂ ದಂಡೆ ಕೆಡಿಸುತ್ತದೆ. ತೊಗರಿಗೆ ನೀರು ಬೇಕೆಂದು ಒಂದೇ ದಿನ ಪಂಪ್ ಹಚ್ಚಿ ಹೊಂಡ ಖಾಲಿ ಮಾಡಿದರೆ, ದಂಡೆಯೊಳಗಿನ ನೀರು ಅಷ್ಟು ಬೇಗ ಹೊರಬರಲಾರದು. ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಮಾತ್ರ ಹೋಗಿರುತ್ತದೆ. ಎರೆಯಲ್ಲಿ ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಮಟ್ಟ ಇಳಿಸಬೇಡಿ.

ಹುಲ್ಲಿನ ಆಯ್ಕೆ ಮಣ್ಣಿಗೆ ತಕ್ಕಂತೆ ಇರಲಿ. ಮಡ್ಡಿಗೆ ಅಂಜನ ಹುಲ್ಲು ಎಕರೆಗೆ 2 ಕಿಲೋ, ಜೊತೆಗೆ ಸ್ಟೈಲೋ. ಅಂಜನದ ಹೊಸ ಬೀಜ ಸರಿಯಾಗಿ ಮೊಳೆಯದು, ಆರು ತಿಂಗಳಾದರೂ ಹಳೆಯದಾದ ಬೀಜ ತನ್ನಿ. ಹಗುರ ಬೀಜ ಗಾಳಿಗೆ ಹಾರುತ್ತದೆ, ಹಸಿ ಮಣ್ಣು–ಸಗಣಿಯಲ್ಲಿ ಉಂಡೆ ಮಾಡಿ ಚೆಲ್ಲಿ, ಒಂದು ಸೆಂ.ಮೀ.ಗಿಂತ ಆಳ ಬೇಡ. ಸ್ಟೈಲೋ ಬೀಜವನ್ನು 80 ಡಿಗ್ರಿ ಬಿಸಿ ನೀರಿನಲ್ಲಿ 4 ನಿಮಿಷ ಅದ್ದಿ ತೆಗೆಯಿರಿ. ಅದು ತಾಯಿಬೇರಿನ ಗಿಡ, ಮೇವಿಗೆ ಒಳ್ಳೆಯದು, ಮಣ್ಣು ಹಿಡಿಯುವ ಜಡೆಬೇರು ಅದಕ್ಕಿಲ್ಲ. ಆದ್ದರಿಂದ ಇಳಿಜಾರಿನಲ್ಲಿ ಹುಲ್ಲೇ ಮೇಲುಗೈ ಇರಲಿ. ಎರೆಗೆ ಮಾರ್ವೆಲ್ ಹುಲ್ಲಿನ ಬುಡಗಳು ಚೆನ್ನಾಗಿ ಹೊಂದುತ್ತವೆ. ಕರಕಿ ಎಲ್ಲಕ್ಕಿಂತ ಬೇಗ ನೆಲ ಮುಚ್ಚುತ್ತದೆ, ಆದರೆ ಪಕ್ಕದ ತೊಗರಿ ಹೊಲಕ್ಕೆ ಒಮ್ಮೆ ನುಗ್ಗಿದರೆ ತೆಗೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಹೊಂಡದ ಒಳಮೈಗೆ ಮಾತ್ರ ಬಳಸಿ.

ಬಿರುಕುಗಳಿಗೆ ಮೇ ಕೊನೆಯಲ್ಲಿ ಒಂದು ಸುತ್ತು ಹೋಗಿ, ದಂಡೆಯ ಅಂಚಿಗೆ ಸಮಾನಾಂತರವಾಗಿರುವ ಬಿರುಕುಗಳನ್ನು ಗರಸು, ಸಣ್ಣ ಮಣ್ಣು, ಗೊಬ್ಬರ ಬೆರೆಸಿ ತುಂಬಿ ತುಳಿಯಿರಿ, ಮೇಲೆ ಒಣಹುಲ್ಲು ಅಥವಾ ತೊಗರಿ ಹೊಟ್ಟು ಹರಡಿ. ಅಂಚಿನಿಂದ ಹಿಂದೆ ಅರ್ಧಚಂದ್ರದ ಆಕಾರದ ಬಿರುಕು ಕಂಡರೆ ಅದು ಬರಿಯ ಬೇಸಿಗೆಯ ಬಿರುಕಲ್ಲ. ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ದೊಡ್ಡ ಮಳೆಯ ಮರುದಿನ ತಪ್ಪದೆ ಅಳೆಯಿರಿ. ಅಂತರ ಬೆಳೆಯುತ್ತಲೇ ಇದ್ದರೆ, ದಂಡೆಯ ಬುಡ ಉಬ್ಬಿದ್ದರೆ, ಅಥವಾ ಜಿನುಗು ನೀರು ತಿಳಿಯಿಂದ ಕೆಸರಿಗೆ ತಿರುಗಿದರೆ, ಎಮ್ಮೆ–ಎತ್ತುಗಳನ್ನೂ ಮಕ್ಕಳನ್ನೂ ಆ ಬದಿಗೆ ಬಿಡಬೇಡಿ, ಹೊಂಡದ ನೀರನ್ನು ಮೆಲ್ಲಗೆ ಇಳಿಸಲು ಶುರು ಮಾಡಿ, ಆ ಅಳತೆಯ ಚೀಟಿ ಹಿಡಿದುಕೊಂಡು ಜಲಾನಯನ ಇಲಾಖೆಯ ಎಂಜಿನಿಯರರನ್ನು ಸ್ಥಳಕ್ಕೆ ಕರೆದುಕೊಂಡು ಬನ್ನಿ.